ರೇಣುಕಾಳಿಗೆ ಕೊಟ್ಟ ನಂಬರು

ರೇಣುಕಾ ಆ ಪ್ರಶ್ನೆಪತ್ರಿಕೆಯನ್ನು ಕದ್ದಿರಲಿಲ್ಲ. ಇದು ನನಗೆ ಅಂದೇ ಗೊತ್ತಾಗಿತ್ತು — ಅವಳನ್ನು ಕೆಲಸದಿಂದ ತೆಗೆದ ದಿನ ಮಧ್ಯಾಹ್ನವೇ, ಅವಳಿನ್ನೂ ಕಾಲೇಜಿನ ಎದುರು ಬಸ್ಸಿಗೆ ಕಾಯುತ್ತ ನಿಂತಿದ್ದಾಗಲೇ. ನನ್ನ ಕಿಟಕಿಯಿಂದ ಅವಳು ಕಾಣುತ್ತಿದ್ದಳು. ಕೂಗಿದ್ದರೆ ಕೇಳಿಸುತ್ತಿತ್ತು. ನಾನು ಕೂಗಲಿಲ್ಲ.

ಇದನ್ನು ಹೇಳಲು ಇಷ್ಟು ವರ್ಷ ಏಕೆ ಬೇಕಾಯಿತು ಎಂದು ಯಾರಾದರೂ ಕೇಳಬಹುದು. ಉತ್ತರವಿದೆ, ಆದರೆ ಅದು ಮರ್ಯಾದೆಯ ಉತ್ತರವಲ್ಲ. ನಡೆದದ್ದನ್ನು ಮೊದಲಿನಿಂದ ಕ್ರಮವಾಗಿ ಹೇಳುತ್ತೇನೆ. ಕ್ರಮ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಈ ತಪ್ಪನ್ನು ಮಾಡಿದ್ದೂ ಕ್ರಮವಾಗಿಯೇ.

ನಾನು ಕಾಪುವಿನವನು. ವಾಯುಸೇನೆಯ ವೈರ್‌ಲೆಸ್ ವಿಭಾಗದಲ್ಲಿದ್ದು, ಸಾರ್ಜೆಂಟ್ ಆಗಿ ನಿವೃತ್ತನಾಗಿ ಊರಿಗೆ ಮರಳಿದೆ. ಸುಮ್ಮನೆ ಕೂರಲು ಆಗಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಮಣಿಪಾಲದ ಹತ್ತಿರದ ಒಂದು ಕಾಲೇಜಿನವರು ತಮ್ಮ ಕಂಪ್ಯೂಟರ್ ಕೇಂದ್ರವನ್ನು ನೋಡಿಕೊಳ್ಳಲು ಶಿಸ್ತಿನ ಮನುಷ್ಯ ಬೇಕೆಂದು ನನ್ನನ್ನು ಕರೆದರು. ಕಾಲೇಜಿನ ಹೆಸರು ಬೇಡ. ತಪ್ಪು ಕಾಲೇಜಿನದ್ದಲ್ಲ, ನನ್ನದು. ಅಲ್ಲಿ ಒಂದು ದೊಡ್ಡ ಸರ್ವರ್ ಇತ್ತು. ವಿದ್ಯಾರ್ಥಿಗಳು, ಉಪನ್ಯಾಸಕರು ಎಲ್ಲರೂ ಅವರವರ ಮೇಜಿನಿಂದ ಅದರೊಳಕ್ಕೆ ಹೋಗಿ ಕೆಲಸ ಮಾಡುತ್ತಿದ್ದರು. ಹಾಗೆ ಹೋಗಲು ಪ್ರತಿಯೊಬ್ಬರಿಗೂ ಒಂದು ಅಕೌಂಟ್ ಬೇಕು. ಅದನ್ನು ಕೊಡುವವನು ನಾನು, ತೆಗೆಯುವವನೂ ನಾನು.

ಚಿತ್ರ, ಬಣ್ಣ, ಮೌಸ್ ಯಾವುದೂ ಇಲ್ಲ. ಕಪ್ಪು ಪರದೆ, ಅದರ ಮೇಲೆ ಒಂದೊಂದೇ ಸಾಲಿನ ಆಜ್ಞೆ. 'ಯೂಸರ್‌ಆ್ಯಡ್' ಎಂದು ಹೊಡೆದು ಹೆಸರು ಬರೆದರೆ ಒಬ್ಬ ಮನುಷ್ಯ ಹುಟ್ಟುತ್ತಾನೆ. 'ಯೂಸರ್‌ಡೆಲ್' ಎಂದರೆ ಇಲ್ಲವಾಗುತ್ತಾನೆ. ನನಗೆ ಅದು ಬಹಳ ಹಿಡಿಸಿತು. ಸೋಮವಾರ ಬೆಳಿಗ್ಗೆ ಹೊಸ ಅಕೌಂಟ್, ಶನಿವಾರ ಹಳೆಯದರ ವಿಲೇವಾರಿ. ಉಪನ್ಯಾಸಕರೊಬ್ಬರು ಬುಧವಾರ ಬಂದು ಅಂಗಲಾಚಿದರೂ ನಾನು ಮಾಡಿಕೊಡುತ್ತಿರಲಿಲ್ಲ. ಹುಡುಗರು ಹಿಂದಿನಿಂದ ನನ್ನನ್ನು 'ಪರೇಡ್' ಎಂದು ಕರೆಯುತ್ತಿದ್ದರಂತೆ. ಕೇಳಿ ಒಳಗೊಳಗೇ ಹೆಮ್ಮೆಪಟ್ಟಿದ್ದೆ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ಅಕೌಂಟಿನ ಹೆಸರು ಮನುಷ್ಯರಿಗಾಗಿ. ಯಂತ್ರಕ್ಕೆ ಹೆಸರು ಬೇಕಿಲ್ಲ. ಅದು ಒಬ್ಬೊಬ್ಬರಿಗೆ ಒಂದೊಂದು ನಂಬರು ಇಟ್ಟುಕೊಂಡಿರುತ್ತದೆ. ನೀವು ಬರೆದ ಫೈಲಿನ ಮೇಲೆ ಅದು ಗುರುತು ಹಾಕುವುದು ಆ ನಂಬರನ್ನೇ. ಇದು ಯಾರ ಫೈಲು ಎಂದು ನಾವು ಕೇಳಿದಾಗ, ಆ ನಂಬರು ಈಗ ಯಾರ ಬಳಿ ಇದೆಯೋ ಅವರ ಹೆಸರನ್ನು ತೋರಿಸುತ್ತದೆ.

ಈಗ ಯಾರ ಬಳಿ ಇದೆಯೋ — ಎಲ್ಲವೂ ಇರುವುದು ಆ ಒಂದು ಮಾತಿನಲ್ಲಿ.

ಯಂತ್ರವನ್ನು ಅದರ ಪಾಡಿಗೆ ಬಿಟ್ಟಿದ್ದರೆ ಹೊಸಬರಿಗೆ ಪಟ್ಟಿಯ ಕೊನೆಯ ನಂಬರಿನ ಮುಂದಿನದನ್ನು ಕೊಡುತ್ತಿತ್ತು. ನಡುವೆ ಯಾರಾದರೂ ಹೋದರೆ ಆ ಜಾಗ ಖಾಲಿ ಉಳಿಯುತ್ತಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಪರೇಡಿನಲ್ಲಿ ಒಬ್ಬ ಕುಸಿದರೆ ಹಿಂದಿನವನು ಮುಂದೆ ಬಂದು ಆ ಜಾಗ ತುಂಬಬೇಕು. ಬ್ಯಾರಕ್ಕಿನಲ್ಲಿ ಒಬ್ಬ ವರ್ಗವಾಗಿ ಹೋದರೆ ಅವನ ಮಂಚಕ್ಕೆ ಸಂಜೆಯೊಳಗೆ ಇನ್ನೊಬ್ಬ ಬರಬೇಕು. ಇಪ್ಪತ್ತರ ಹರೆಯದಲ್ಲಿ ಮೈಗೆ ಹತ್ತಿದ ಅಭ್ಯಾಸ ಅದು. ಹಾಗಾಗಿ ನಾನು ಪ್ರತಿ ಸಲ ಯಂತ್ರದ ಮಾತು ಮೀರಿ, ತೆರವಾದ ನಂಬರನ್ನು ಕೈಯಾರೆ ಹೊಡೆದು ಹೊಸಬರಿಗೆ ಕೊಡುತ್ತಿದ್ದೆ. ಪಟ್ಟಿ ಒಂದರ ಕೆಳಗೆ ಒಂದರಂತೆ ತುಂಬಿಕೊಂಡು, ಎಲ್ಲೂ ಹಲ್ಲು ಬಿದ್ದ ಹಾಗೆ ಕಾಣುತ್ತಿರಲಿಲ್ಲ. ಹಾಗೆ ಮಾಡಬೇಡಿ ಎಂದು ಕೈಪಿಡಿಯಲ್ಲಿ ಬರೆದಿತ್ತು. ಓದಿದ್ದೆ. ಅದು ಸೋಮಾರಿಗಳಿಗೆ ಬರೆದದ್ದು ಎಂದುಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ ಶ್ರೀಧರ ಎಂಬ ಉಪನ್ಯಾಸಕರು ಕೆಲಸ ಬಿಟ್ಟು ಮಸ್ಕತ್‌ಗೆ ಹೋದರು. ಹೆಬ್ರಿಯವರು, ಒಳ್ಳೆಯ ಮನುಷ್ಯ. ಹೋಗುವ ಮೊದಲು, ಮಳೆಗಾಲದಲ್ಲಿ ನಡೆಯಬೇಕಿದ್ದ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತಯಾರಿಸಿ, ಪ್ರಿಂಟ್ ತೆಗೆದು ಪ್ರಿನ್ಸಿಪಾಲರ ಕೈಗೆ ಕೊಟ್ಟೇ ಹೋದರು. ನಾನು ಶನಿವಾರ ಅವರ ಅಕೌಂಟನ್ನೂ ಅವರ ಸ್ವಂತ ಕಡತಕೋಶವನ್ನೂ ಅಳಿಸಿದೆ. ಆದರೆ ಎಲ್ಲರೂ ಬಳಸುತ್ತಿದ್ದ 'ಕಾಮನ್' ಎಂಬ ಜಾಗವೊಂದಿತ್ತು. ಅಲ್ಲಿ ಅವರದ್ದು ಏನಾದರೂ ಉಳಿದಿದೆಯೇ ಎಂದು ನೋಡಲಿಲ್ಲ. ನೋಡಲು ಒಂದು ಸಾಲಿನ ಆಜ್ಞೆ ಸಾಕಿತ್ತು.

ಜೂನ್‌ನಲ್ಲಿ ಕಾಲೇಜು ತೆರೆದಾಗ ಆ ನಂಬರನ್ನು ರೇಣುಕಾಳಿಗೆ ಕೊಟ್ಟೆ.

ರೇಣುಕಾಳ ತಂದೆ ಬಾಗಲಕೋಟೆ ಕಡೆಯಿಂದ ಬಂದು ಮಣಿಪಾಲದಲ್ಲಿ ಏಳುತ್ತಿದ್ದ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ಅವಳು ಇಲ್ಲೇ ಡಿಪ್ಲೊಮಾ ಮುಗಿಸಿ, ಮೊದಲು ಪ್ರಿನ್ಸಿಪಾಲರ ಕಚೇರಿಯಲ್ಲಿ ತಾತ್ಕಾಲಿಕ ಟೈಪಿಸ್ಟ್ ಆಗಿದ್ದಳು. ಚುರುಕಿನ ಹುಡುಗಿ ಎಂದು ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆಗಿ ಕಳುಹಿಸಿದರು. ಆ ವರ್ಷ ಸರಿಯಾಗಿ ಮುಗಿದರೆ ಕೆಲಸ ಖಾಯಂ ಎಂಬ ಮಾತೂ ಆಗಿತ್ತು. ಲ್ಯಾಬಿನಲ್ಲಿ ಅವಳ ಜೊತೆಗಿದ್ದವಳು ಕಟಪಾಡಿಯ ಲವೀನಾ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುವಷ್ಟು ಗೆಳತಿಯರು. ನಾನು ಇಲ್ಲವೆಂದುಕೊಂಡು ಮಾತಾಡುವುದು ನನಗೆ ಕೇಳಿಸುತ್ತಿತ್ತು.

"ನೀನು ಗುಡ್ ಮಾರ್ನಿಂಗ್ ಹೇಳಿದ್ರೂ ಜಗಳಕ್ಕೆ ಬಂದ ಹಾಗೆ ಉಂಟು ಮಾರಾಯ್ತಿ," ಎನ್ನುತ್ತಿದ್ದಳು ಲವೀನಾ.

"ನೀ ಜಗಳಾಡಿದ್ರೂ ಪಾಠ ಓದಿದಂಗ ಇರ್ತದ. ನಾಳೆ ನಿನ್ನ ಗಂಡ ಆಗಾವಗ ನಿದ್ದಿ ಬರ್ತದ ನೋಡು," ಎನ್ನುತ್ತಿದ್ದಳು ರೇಣುಕಾ.

ಮಳೆಗಾಲದ ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಹುಡುಗರ ಕೈಯಲ್ಲಿತ್ತು. ಪರೀಕ್ಷೆ ರದ್ದಾಯಿತು. ಎಲ್ಲಿಂದ ಹೊರಬಿತ್ತು ಎಂದು ಹುಡುಕಲು ಪ್ರಿನ್ಸಿಪಾಲರು ನನಗೆ ಹೇಳಿದರು. ಬಹಳ ಹೊತ್ತೇನೂ ಬೇಕಾಗಲಿಲ್ಲ. ಆ ಕಾಮನ್ ಜಾಗದಲ್ಲಿ, ಯಾರು ಬೇಕಾದರೂ ಓದುವಂತೆ, ಅದು ಬಿದ್ದಿತ್ತು. ಒಡೆಯರ ಹೆಸರಿನ ಕಡೆ ರೇಣುಕಾ ಎಂದಿತ್ತು. ತಾರೀಖು ಏಪ್ರಿಲ್‌ನದ್ದು. ಆ ಸಾಲನ್ನು ಪ್ರಿಂಟ್ ತೆಗೆದು ಪ್ರಿನ್ಸಿಪಾಲರ ಕೋಣೆಗೆ ಒಯ್ದೆ. ಬೂಟು ಸಪ್ಪಳ ಮಾಡುತ್ತಲೇ ಹೋಗಿರಬೇಕು.

ಕೋಣೆಯಲ್ಲಿ ವಿಭಾಗದ ಮುಖ್ಯಸ್ಥರಿದ್ದರು, ಕಚೇರಿಯ ಸೂಪರಿಂಟೆಂಡೆಂಟರಿದ್ದರು. ರೇಣುಕಾಳನ್ನು ಕರೆಸಿದರು, ಲ್ಯಾಬಿನವಳೆಂದು ಲವೀನಾಳನ್ನೂ. ರೇಣುಕಾ ಕಾಗದವನ್ನು ನೋಡಿದಳು. ಅತ್ತರೆ ಅಪರಾಧಿ ಎನ್ನುತ್ತಾರೆಂದು ಗೊತ್ತಿದ್ದವಳ ಹಾಗೆ ನಿಂತಳು. ಏಪ್ರಿಲ್‌ನಲ್ಲಿ ನೀನು ಈ ಕಚೇರಿಯಲ್ಲೇ ಟೈಪ್ ಮಾಡುತ್ತಿದ್ದೆ ಅಲ್ಲವೇ, ಶ್ರೀಧರರ ಪ್ರಿಂಟು ಇಲ್ಲೇ ಇತ್ತಲ್ಲವೇ ಎಂದು ಸೂಪರಿಂಟೆಂಡೆಂಟರು ಕೇಳಿದರು. ಹೌದು ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸರ್, ಏಪ್ರಿಲ್‌ನ್ಯಾಗ ಆ ಮಷೀನ್ದಾಗ ನನಗ ಅಕೌಂಟ ಇರಲಿಲ್ರಿ. ನೀವ ಕೊಟ್ಟದ್ದು ಜೂನ್‌ನ್ಯಾಗ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಎಂತ ಸಾರ್ಜೆಂಟ್ರೇ? ಹಾಗೆ ಉಂಟಾ?"

ಹೌದು ಎನ್ನಬೇಕಿತ್ತು. ಅವಳು ಹೇಳಿದ್ದು ನಿಜ, ಕೊಟ್ಟವನು ನಾನೇ. ಕೊಂಚ ತಡೆಯಿರಿ, ಇನ್ನೊಮ್ಮೆ ನೋಡಿ ಬರುತ್ತೇನೆ ಎಂದಿದ್ದರೂ ಸಾಕಿತ್ತು. ಆದರೆ ನಾನು ಒಂದು ಉತ್ತರ ಹೊತ್ತು ಬಂದಿದ್ದೆ, ಅದು ಅಚ್ಚುಕಟ್ಟಾಗಿತ್ತು, ಅದನ್ನು ಒಬ್ಬ ಹುಡುಗಿ ಎಲ್ಲರೆದುರು ಕೆದಕುತ್ತಿದ್ದಳು. ಫ್ಲಾಪಿಯಿಂದ ನಕಲು ಮಾಡಿದರೆ ಹಳೆಯ ತಾರೀಖು ಹಾಗೇ ಉಳಿಯುವುದುಂಟು ಎಂಬುದು ನೆನಪಾಯಿತು. ಅಷ್ಟೇ ಸಾಕಾಯಿತು.

"ತಾರೀಖು ಹೆಚ್ಚು ಕಡಿಮೆ ಆಗಬಹುದು ಸರ್," ಎಂದೆ. "ಹೆಸರು ಆಗುವುದಿಲ್ಲ."

ಇಷ್ಟೇ ನಾನು ಆಡಿದ್ದು. ಈ ಮಾತು ಪೂರ್ತಿ ತಲೆಕೆಳಗಾಗಿತ್ತು. ತಾರೀಖೇ ಸರಿ, ಹೆಸರೇ ತಪ್ಪು. ಆದರೆ ಆ ಕೋಣೆಯಲ್ಲಿ ಅದನ್ನು ಅರಿಯಬಲ್ಲವನು ನಾನೊಬ್ಬನೇ, ಮತ್ತು ನಾನು ಹೇಳಿದ್ದನ್ನು ನಂಬುವುದು ಅಲ್ಲಿನ ಎಲ್ಲರ ರೂಢಿ.

ನಿನ್ನ ಪಾಸ್‌ವರ್ಡ್ ಬೇರೆ ಯಾರಿಗಾದರೂ ಗೊತ್ತಿತ್ತೇ ಎಂದು ಪ್ರಿನ್ಸಿಪಾಲರು ಕೇಳಿದರು. ರೇಣುಕಾ ಲವೀನಾಳನ್ನು ಒಮ್ಮೆ ನೋಡಿದಳು. ಲವೀನಾ ನೆಲ ನೋಡುತ್ತಿದ್ದಳು. "ಇಲ್ರಿ," ಎಂದಳು ರೇಣುಕಾ. ಆ ನೋಟವನ್ನು ನಾನು ಕಂಡೆ. ಅದರಲ್ಲೇನಿತ್ತೆಂದು ತಿಳಿದದ್ದು ಬಹಳ ತಡವಾಗಿ.

ಊಟದ ಹೊತ್ತಿಗೆ ತೀರ್ಮಾನವಾಯಿತು. ಪೊಲೀಸು, ಗಲಾಟೆ ಬೇಡ. ನಾಳೆಯಿಂದ ಬರುವುದು ಬೇಡ. ನಾನು ನನ್ನ ಮೇಜಿಗೆ ಮರಳಿ, ಅವಳ ಹೆಸರಿನಲ್ಲಿ ಮತ್ತೇನಿದೆ ನೋಡಿ ಅಳಿಸೋಣವೆಂದು ಹುಡುಕಿದೆ. ಆ ಕಾಮನ್ ಜಾಗದಲ್ಲಿಯೇ ಇನ್ನೊಂದು ಫೈಲು ಸಿಕ್ಕಿತು. ತೆರೆದೆ. ಹೆಬ್ರಿಯ ಹೊಸ ಮನೆಯ ಗೃಹಪ್ರವೇಶಕ್ಕೆ ತಾವೆಲ್ಲ ಬಂದು ಹರಸಬೇಕು ಎಂಬ ಆಮಂತ್ರಣ. ಕೆಳಗೆ ಶ್ರೀಧರರ ಹೆಸರು, ಅವರ ಹೆಂಡತಿಯ ಹೆಸರು. ಒಡೆಯರು ಯಾರೆಂದರೆ — ರೇಣುಕಾ.

ಆ ಗೃಹಪ್ರವೇಶಕ್ಕೆ ನಾನು ಹೋಗಿ ಊಟ ಮಾಡಿ ಬಂದಿದ್ದೆ. ರೇಣುಕಾ ಲ್ಯಾಬಿಗೆ ಬರುವುದಕ್ಕಿಂತ ಬಹಳ ಮೊದಲು.

ಒಂದು ಕ್ಷಣವೂ ಬೇಕಾಗಲಿಲ್ಲ, ಎಲ್ಲ ತಿಳಿಯಿತು. ಪ್ರಶ್ನೆಪತ್ರಿಕೆಯನ್ನು ಬರೆದ ಶ್ರೀಧರರೇ ಮರೆತು ಬಿಟ್ಟುಹೋಗಿದ್ದರು. ಅವರ ಬೆನ್ನಿಗೆ ಶುಚಿ ಮಾಡಬೇಕಿದ್ದ ನಾನು ಮಾಡಿರಲಿಲ್ಲ. ಹುಡುಗರು ಕದಿಯಲೂ ಇಲ್ಲ, ಎದುರಿಗೆ ಬಿದ್ದದ್ದನ್ನು ಓದಿದರು. ಶ್ರೀಧರರ ನಂಬರನ್ನು ರೇಣುಕಾಳಿಗೆ ತೊಡಿಸಿ, ಅವರು ಬಿಟ್ಟುಹೋದದ್ದನ್ನೆಲ್ಲ ಅವಳ ತಲೆಗೆ ಕಟ್ಟಿದವನು ನಾನು.

ಆಗಲೇ ತಲೆಯೆತ್ತಿ ನೋಡಿದ್ದು. ಆಗಲೇ ಅವಳು ಬಸ್ಸಿಗೆ ನಿಂತದ್ದು ಕಂಡದ್ದು. ಕೈಯಲ್ಲಿ ಕೊಡೆ ಇತ್ತು, ಬಿಡಿಸಿರಲಿಲ್ಲ.

ಕೆಲಸ ಹೋಗುತ್ತದೆಂಬ ಭಯ ನನಗಿರಲಿಲ್ಲ. ಪೆನ್ಶನ್ ಇತ್ತು, ಮಕ್ಕಳು ದಡ ಸೇರಿದ್ದರು. ಪ್ರಿನ್ಸಿಪಾಲರು ಬೈಯುವವರೂ ಅಲ್ಲ. ಬಹುಶಃ ಆಯಿತು ಮಾರಾಯ್ರೆ, ಸರಿ ಮಾಡುವ ಎನ್ನುತ್ತಿದ್ದರು. ನನಗೆ ತಡೆಯಲಾಗದ್ದು ಒಂದೇ — ಸೋಮವಾರ ಶನಿವಾರ ಎಂದು ಊರಿಗೆಲ್ಲ ಶಿಸ್ತು ಹೇಳುವವನ ಪಟ್ಟಿಯೇ ಕೊಳಕು ಎಂದು ಆ ಕೋಣೆಯಲ್ಲಿದ್ದವರ ಮುಖದ ಮೇಲೆ ಓದುವುದು. ಅದಕ್ಕಾಗಿ... ಅದಕ್ಕಾಗಿ, ಹೌದು. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ. ಇಲ್ಲ.

ಆ ಎರಡು ಫೈಲುಗಳನ್ನೂ ಅಳಿಸಿದೆ. ರೇಣುಕಾಳ ಅಕೌಂಟನ್ನೂ ಅಳಿಸಿದೆ, ಶನಿವಾರದವರೆಗೆ ಕಾಯದೆ. ಆ ನಂಬರನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಅಂದಿನಿಂದ ಯಾರು ಬಿಟ್ಟುಹೋದ ನಂಬರನ್ನೂ ಯಾರಿಗೂ ಕೊಡಲಿಲ್ಲ. ಪಟ್ಟಿಯಲ್ಲಿ ತೆರವುಗಳು ಉಳಿದುಕೊಂಡವು. ಯಾರೂ ಗಮನಿಸಲಿಲ್ಲ.

ಎರಡು ದಿನ ಬಿಟ್ಟು ಅವಳ ತಂದೆ ಬಂದರು. ಕೆಲಸದಿಂದ ನೇರ ಬಂದಿದ್ದರು, ಒಳಗೆ ಕಾಲಿಡಲು ಒಪ್ಪದೆ ಬಾಗಿಲಲ್ಲೇ ನಿಂತರು. ಮಗಳು ಮಾಡಿಲ್ಲ ಎಂದು ವಾದಿಸಲು ಬಂದಿದ್ದಾರೆ ಎಂದುಕೊಂಡೆ. ಅವರು ಕ್ಷಮೆ ಕೇಳಲು ಬಂದಿದ್ದರು. ಸಣ್ಣ ವಯಸ್ಸು, ತಪ್ಪು ಮಾಡಿದ್ದಾಳೆ, ನೀವೇ ಎರಡೇಟು ಹೊಡೆದು ಬುದ್ಧಿ ಹೇಳಿ, ಕೆಲಸ ಮಾತ್ರ ತೆಗೆಯಬೇಡಿ ಎಂದರು. ಹಾಗಾದರೆ ಅವರೂ ನಂಬಿದ್ದರು. ನನ್ನ ಒಂದು ಮಾತು ಅವರ ಮನೆಯೊಳಗೂ ಹೋಗಿ ಕೂತಿತ್ತು. ಇದು ನನ್ನ ಕೈಯಲ್ಲಿಲ್ಲ ಎಂದು ಹೇಳಿ ಕಳುಹಿಸಿದೆ.

ಆಮೇಲೆ ಕೆಲವು ವರ್ಷ ಆ ಕಾಲೇಜಿನಲ್ಲೇ ಇದ್ದು, ಹಾರ ಹಾಕಿಸಿಕೊಂಡು, ಶಾಲು ಹೊದ್ದು ಮನೆಗೆ ಬಂದೆ. ಲವೀನಾ ಮದುವೆಯಾಗಿ ಕೆಲಸ ಬಿಟ್ಟಿದ್ದಳು.

ರೇಣುಕಾಳನ್ನು ಮತ್ತೆ ಕಂಡದ್ದು ಕಾರ್ಕಳದಲ್ಲಿ. ಸಂಬಂಧಿಕರ ಮನೆಗೆ ಹೋದವನು ಪೆನ್ಶನ್ ಕಾಗದದ ಝೆರಾಕ್ಸ್ ಮಾಡಿಸಲು ಬಸ್‌ಸ್ಟ್ಯಾಂಡ್ ಬಳಿಯ ಅಂಗಡಿಯೊಂದನ್ನು ಹೊಕ್ಕೆ. "ಸರ್, ಆರಾಮ ಅದೀರೇನ್ರಿ?" ಎಂಬ ದನಿ. ನಾನು ಗುರುತಿಸುವ ಮೊದಲೇ ಸ್ಟೂಲು ಎಳೆದು ಕೂರಿಸಿದ್ದಳು. ಗಂಡ ಕಲ್ಲು ಪಾಲಿಶ್ ಮಾಡುವ ಕೆಲಸದಲ್ಲಿದ್ದಾರೆ, ಅಂಗಡಿ ಇಬ್ಬರೂ ಸೇರಿ ಹಾಕಿದ್ದು ಎಂದಳು. ನನ್ನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಹೇಗೋ ಹಳೆಯ ಮಾತು ಬಂತು. ಬರಬಾರದೆಂದು ಬಯಸುತ್ತಿದ್ದವನು ನಾನು, ತೆಗೆದವಳು ಅವಳು.

"ನಿಮಗ್ಯಾಕ ಬೇಜಾರ್ರೀ ಸರ್? ಮಷೀನ್ ತೋರಿಸಿದ್ದು ನೀವು ಹೇಳಿದ್ರಿ."

ಲವೀನಾಳ ವಿಷಯ ತಿಳಿದದ್ದು ಆಗ. ಒಬ್ಬಳು ರಜೆ ಹಾಕಿದ ದಿನ ಇನ್ನೊಬ್ಬಳು ಅವಳ ಪಾಸ್‌ವರ್ಡಿನಿಂದ ಒಳಹೊಕ್ಕು ಪ್ರಾಕ್ಟಿಕಲ್ ಅಂಕಗಳನ್ನು ತುಂಬಿಸುತ್ತಿದ್ದಳಂತೆ. ನನಗೆ ತಿಳಿದರೆ ಇಬ್ಬರನ್ನೂ ಹೊರಗೆ ಹಾಕುತ್ತೇನೆಂದು ಗುಟ್ಟಾಗಿಟ್ಟಿದ್ದರು. ತಾನು ಮಾಡಿಲ್ಲವೆಂದ ಮೇಲೆ ತನ್ನ ಹೆಸರಿನಲ್ಲಿ ಮಾಡಿರಬಹುದಾದವಳು ಲವೀನಾ ಒಬ್ಬಳೇ ಎಂದು ರೇಣುಕಾ ಆ ಕೋಣೆಯಲ್ಲೇ ಲೆಕ್ಕ ಹಾಕಿದ್ದಳು. ಆದರೂ ಹೆಸರು ಹೇಳಲಿಲ್ಲ. ಲವೀನಾ ಬಾಯಿ ಬಿಡುತ್ತಾಳೆಂದು ಕಾದಳು. ಅವಳು ಬಿಡಲಿಲ್ಲ. ಲವೀನಾ ತನ್ನ ಮದುವೆಗೆ ಕರೆಯಲು ಬಂದಾಗ ರೇಣುಕಾ ಅವಳನ್ನು ಅಂಗಳದಿಂದಲೇ ಕಳುಹಿಸಿದಳಂತೆ.

"ಆಕೀನ ಮರ್ತೀನ್ರಿ," ಎಂದಳು. ಮರೆತವರು ಹಾಗೆ ಹೇಳುವುದಿಲ್ಲ.

ಅಲ್ಲೇ ಹೇಳಬೇಕಿತ್ತು. ಕಾಗದಗಳನ್ನು ಮಡಚಿ ಕಿಸೆಗಿಟ್ಟು ಹೊರಗೆ ಬಂದೆ. ಮೊದಲ ಸಲ ಕಿಟಕಿಯಿಂದ ಕೂಗದವನು ಈ ಸಲ ಎದುರಿಗೆ ಕುಳಿತೂ ಬಾಯಿ ತೆರೆಯಲಿಲ್ಲ. ಆದರೆ ಕಾಪುವಿಗೆ ಬಂದಮೇಲೆ ದಿನಗಳು ಕಳೆಯುವುದು ಕಷ್ಟವಾಯಿತು. ಬೆಳಿಗ್ಗೆ ಸಮುದ್ರದ ಬದಿಗೆ ನಡೆಯಲು ಹೋಗುತ್ತೇನೆ, ಬರುತ್ತೇನೆ, ಪೇಪರು ಓದುತ್ತೇನೆ. ಎಲ್ಲ ಸಮಯಕ್ಕೆ ಸರಿಯಾಗಿಯೇ ನಡೆಯುತ್ತದೆ. ಸಾಕಾಗಿದೆ.

ಕಳೆದ ತಿಂಗಳು ಮತ್ತೆ ಕಾರ್ಕಳಕ್ಕೆ ಹೋದೆ. ಈ ಸಲ ಝೆರಾಕ್ಸ್‌ಗೆ ಏನೂ ಒಯ್ದಿರಲಿಲ್ಲ. ನಂಬರಿನ ವಿಷಯವನ್ನು ಅವಳಿಗೆ ಬಹಳ ಬಿಡಿಸಿ ಹೇಳಬೇಕಾಗಲಿಲ್ಲ. ಗೃಹಪ್ರವೇಶದ ಆಮಂತ್ರಣ ಎನ್ನುವಷ್ಟರಲ್ಲಿ ಅವಳ ಕೈ ನಿಂತಿತು. ನಾನು ಅಂದೇ ತಿಳಿದಿದ್ದೆ ಎಂಬುದನ್ನೂ ಹೇಳಿದೆ. ಅದನ್ನು ಬಿಟ್ಟು ಹೇಳಿದರೆ ಪ್ರಯೋಜನವಿಲ್ಲ.

"ಅಂದ್ರ ಲವೀನಾ ಮಾಡಿಲ್ಲ," ಎಂದಳು.

"ಇಲ್ಲ."

ಕಾಲೇಜು ಹುಡುಗಿಯೊಬ್ಬಳು ಬಂದು, ಅಕ್ಕ, ಎರಡೂ ಬದಿ ಬರಬೇಕು, ಬೇಗ, ನನ್ನ ಬಸ್ಸು ಉಂಟು ಎಂದಳು. ರೇಣುಕಾ ಮಾಡಿಕೊಟ್ಟಳು. ಚಿಲ್ಲರೆ ಕೊಟ್ಟಳು. ಹುಡುಗಿ ಹೋದಮೇಲೆ, ಕ್ಷಮಿಸು ಎಂದು ನಾನು ಶುರು ಮಾಡಿದೆ. ಅವಳು ಮುಗಿಸಗೊಡಲಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

"ನಾ ಕದ್ದಿಲ್ಲ ಅನ್ನೂದು ನನಗ ಮೊದಲ ಗೊತ್ತಿತ್ತಲ್ರೀ ಸರ್. ನನಗ್ಯಾಕ ಹೇಳಾಕ ಬಂದ್ರಿ? ಗೊತ್ತಿಲ್ಲದವರಿಗೆ ಹೇಳ್ರಿ."

ಅಷ್ಟು ಹೇಳಿ ಯಂತ್ರಕ್ಕೆ ಕಾಗದ ತುಂಬಿಸತೊಡಗಿದಳು. 

ಉಡುಪಿಯಲ್ಲಿರುವ ಆಗಿನ ಪ್ರಿನ್ಸಿಪಾಲರ ಮನೆಗೆ ಹೋದೆ. ವಯಸ್ಸಾಗಿದೆ, ಕಿವಿ ಮಂದ. ಎರಡು ಸಲ ಹೇಳಬೇಕಾಯಿತು. "ಬಿಡಿ ಮಾರಾಯ್ರೆ, ಹಳೇ ಕತೆ. ಈಗ ಯಾರಿಗೆ ನೆನಪುಂಟು?" ಎಂದರು. ಅವಳಿಗೆ ಉಂಟು ಎಂದೆ. ಆಗ ಹುಡುಗಿಯ ಅಂಗಡಿ ಕಾರ್ಕಳದಲ್ಲಿ ಎಲ್ಲಿ ಎಂದು ಕೇಳಿದರು. ಸೂಪರಿಂಟೆಂಡೆಂಟರಿಗೂ ವಿಭಾಗದ ಮುಖ್ಯಸ್ಥರಿಗೂ ಹೇಳಿದ್ದಾಯಿತು. ಆ ಕಾಲೇಜಿನಲ್ಲಿ ಆಗ ಓದುತ್ತಿದ್ದವರು, ಲ್ಯಾಬಿನ ರೇಣುಕಾ ಮೇಡಂ ಪೇಪರ್ ಕದ್ದರಂತೆ ಎಂದು ಬಸ್ಸಿನಲ್ಲಿ ಆಡಿಕೊಂಡವರು, ಈಗ ಎಲ್ಲೆಲ್ಲೋ ಇದ್ದಾರೆ. ಅವರೆಲ್ಲರ ಬಾಗಿಲಿಗೆ ಹೋಗಲಾರೆ. ಆದ್ದರಿಂದ ಬರೆದಿದ್ದೇನೆ: ಅದನ್ನು ರೇಣುಕಾ ಮಾಡಲಿಲ್ಲ, ಲವೀನಾಳೂ ಮಾಡಲಿಲ್ಲ. ಅದು ನನ್ನ ಕೆಲಸದ ಕೊಳೆ. ಗೊತ್ತಿದ್ದೂ ಒರೆಸಲಿಲ್ಲ.

ಕಟಪಾಡಿಗೆ ಇನ್ನೂ ಹೋಗಿಲ್ಲ. ಲವೀನಾ ಈಗ ತಾಯಿಮನೆಗೆ ಬಂದಿದ್ದಾಳೆಂದು ತಿಳಿಯಿತು, ನಾಳೆ ಹೋಗುತ್ತೇನೆ. ಗೆಳತಿ ತನ್ನನ್ನು ಅಂಗಳದಿಂದ ಏಕೆ ಕಳುಹಿಸಿದಳೆಂದು ಅವಳಿಗೆ ಇಂದಿಗೂ ಗೊತ್ತಿರಲಾರದು. ಅಲ್ಲಿಗೆ ಹೇಳಬೇಕಾದವರು ಮುಗಿಯುತ್ತಾರೆ — ಒಬ್ಬರನ್ನು ಬಿಟ್ಟು. ಕಾರ್ಕಳದ ಅಂಗಡಿಯಿಂದ ಏಳುವಾಗ ನಾನು ರೇಣುಕಾಳ ತಂದೆ ಎಲ್ಲಿದ್ದಾರೆಂದು ಕೇಳಿದ್ದೆ, ಅವರಿಗೂ ನಾನೇ ಹೇಳುತ್ತೇನೆ ಎಂದು. ರೇಣುಕಾ ತಲೆಯೆತ್ತಲಿಲ್ಲ. ಅಪ್ಪ ಹೋಗಿ ಎರಡು ಮಳೆಗಾಲ ಆಯಿತು ಎಂದಳು.